ಹಳೆಯ ಆಟೋಮ್ಯಾಟಿಕ್ ಎಸ್‌ಯುವಿ ಕೊಳ್ಳುವ ಮುನ್ನ ನಡುಕವನ್ನು ಪರೀಕ್ಷಿಸಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಲ್ಲಿ ದುಡಿದ ಆಟೋಮ್ಯಾಟಿಕ್ ಎಸ್‌ಯುವಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ, ಟೈರು ನೋಡುವ ಮೊದಲು ಗೇರ್‌ಬಾಕ್ಸನ್ನು ಪರೀಕ್ಷಿಸಬೇಕೆಂದು ವಿನಂತಿಸುತ್ತೇನೆ. ಭಾರ ಹೊತ್ತು ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಏರುವಾಗ ಗೇರ್ ಆಯಿಲ್ ಅತಿಯಾಗಿ ಬಿಸಿಯಾಗಿ ಬೇಗ ಕೆಡುತ್ತದೆ.

ಕಡೂರು ರಸ್ತೆಯಂತಹ ಸಮತಟ್ಟಾದ ದಾರಿಯಲ್ಲಿ, ಇಂಜಿನ್ ಮತ್ತು ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಗಂಟೆಗೆ 50ರಿಂದ 80 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದಾಗ, ಸಾಲು ಉಬ್ಬುಗಳ ಮೇಲೆ ಹೋದಂತೆ ಗಾಡಿ ಒಂದೆರಡು ಕ್ಷಣ ನಡುಗಿದರೆ, ಟಾರ್ಕ್ ಕನ್ವರ್ಟರಿನೊಳಗಿನ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್-ಅಪ್ ಕ್ಲಚ್ (ಇವೆರಡನ್ನೂ ನೇರವಾಗಿ ಬೆಸೆಯುವ ಕ್ಲಚ್) ಜಾರುತ್ತಿರುವ ಸಂಭವವಿದೆ. ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದ್ದರೆ ನಡುಕವು ವೇಗವನ್ನಷ್ಟೇ ಅನುಸರಿಸುತ್ತದೆ, ಕಾಲು ತೆಗೆದರೂ ನಿಲ್ಲುವುದಿಲ್ಲ. ಇಂಜಿನ್ನಿನ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕೂಡ ಇದೇ ಅನುಭವ ಕೊಡುವುದರಿಂದ ಸ್ಕ್ಯಾನರ್ ಹಾಕಿಸಿ ದೋಷದ ಕೋಡುಗಳನ್ನು ಓದಿಸುವುದು ಅಗತ್ಯ. ಮಾರುವವರು ಕೋಡುಗಳನ್ನು ಆಗಲೇ ಅಳಿಸಿರಬಹುದಾದ್ದರಿಂದ, ಓಡಿಸಿ ಬಂದ ಮೇಲೆ ಇನ್ನೊಮ್ಮೆ ಓದಿಸಿ.

ಗೇರ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಅಥವಾ ಕೂಲೆಂಟ್ (ಇಂಜಿನ್ ತಂಪಾಗಿಸುವ ದ್ರವ) ಸೇರಿ ಹಾಲುಬೆರೆತ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಆ ಗಾಡಿಯನ್ನು ಬಿಡುವುದೇ ಲೇಸು. ಆರಂಭದ ನಡುಕವು ತಯಾರಕರು ಸೂಚಿಸಿದ ದರ್ಜೆಯ ಹೊಸ ಆಯಿಲ್‌ನಿಂದ ಕೆಲವೊಮ್ಮೆ ನಿಲ್ಲುತ್ತದೆ. ಬೇರೆ ದರ್ಜೆಯ ಆಯಿಲ್ ಹಾಕಿದರೆ ಅದೇ ನಡುಕಕ್ಕೆ ಕಾರಣವಾಗಬಹುದು. ‘ಈ ಆಯಿಲ್ ಜೀವನಪರ್ಯಂತ ಬದಲಿಸಬೇಕಿಲ್ಲ’ ಎಂಬ ಮಾತನ್ನು, ನಮ್ಮ ಮಲೆನಾಡಿನ ಏರುರಸ್ತೆಗಳಲ್ಲಿ ಓಡಿದ ಗಾಡಿಯ ವಿಷಯದಲ್ಲಿ ದಯವಿಟ್ಟು ನಂಬಬೇಡಿ. ಆಯಿಲ್ ಬದಲಿಸಿದ ಬಿಲ್ಲನ್ನು ಕೇಳಿ ಪಡೆಯಿರಿ.