ಖಾಲಿ ಕೈಯ ಮೂರ್ತಿ

ಹದಿನೆಂಟು ವರ್ಷದಿಂದ ಮರ ಕೆತ್ತುತ್ತಿದ್ದೇನೆ. ಕುಂಬಳೆ, ಬದಿಯಡ್ಕ ಕಡೆಯ ದೈವಸ್ಥಾನಗಳಿಗೆ ಬಾಗಿಲು, ದಾರಂದ, ದೈವದ ಮೂರ್ತಿ, ಇದೇ ನಮ್ಮ ಕೆಲಸ. ಹೋದ ವರ್ಷ ಮಳೆಗೆ ಮೊದಲು ಊರಿನ ಮಾಷ್ಟ್ರೊಬ್ಬರು ಬಂದು ಬುದ್ಧನ ಮೂರ್ತಿ ಬೇಕು ಎಂದರು. ಒಂದೂವರೆ ಅಡಿ ಎತ್ತರ, ನೆಲ ಮುಟ್ಟಿ ಕುಳಿತ ಬುದ್ಧ.

ಮೊದಲು ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋಗಿ, ಬೌದ್ಧರ ಬೋಧಿಸತ್ವ ಎನ್ನುವ ಲೋಕೇಶ್ವರನ ಮುಂದೆ ನಿಂತೆ. 968ರಲ್ಲಿ ಆಳುಪ ರಾಜ ಕುಂದವರ್ಮ ಇಡಿಸಿದ ಕಂಚಿನ ಮೂರ್ತಿ ಅದು. ಪೀಠದ ಶಾಸನದಲ್ಲಿ ವಿಹಾರ, ಅಂದರೆ ಬೌದ್ಧ ಭಿಕ್ಷುಗಳ ಮಠ, ಅನ್ನುವ ಮಾತೂ ಇದೆ. ಮೂರು ಮುಖ, ಆರು ಕೈ. ಎಷ್ಟು ನೋಡಿದರೂ ಸಾಲದು. ಆದರೆ ನನಗೆ ಬೇಕಾದದ್ದು ಎರಡೇ ಕೈಯ ಬುದ್ಧ.

ಉಳಿ ಹಿಡಿದ ಮೇಲೆ ಕಷ್ಟ ಗೊತ್ತಾಯಿತು. ನಾವು ಮಾಡುವ ಮೂರ್ತಿಗಳಿಗೆ ಆಯುಧವೇ ಗುರುತು. ಶಂಖ ಚಕ್ರ ಕಂಡರೆ ವಿಷ್ಣು. ಈ ಬುದ್ಧನ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಕೈಯೇ ಮಾತಾಡಬೇಕು.

ಹಲಸಿನ ಮರದ ತಿರುಳು ತೆಗೆದುಕೊಂಡಿದ್ದೆ. ನಿಲ್ಲಿಸಿದ ತುಂಡಿನಲ್ಲಿ ನಾರು ಮೇಲಿಂದ ಕೆಳಗೆ ಹೋಗುತ್ತದೆ. ಬಲಗೈ ಬೆರಳುಗಳು ಕೆಳಗೆ ಇಳಿಯುವುದರಿಂದ ನಾರಿನ ಜೊತೆಗೇ ಇರುತ್ತವೆ, ಗಟ್ಟಿ. ಮಡಿಲಲ್ಲಿ ಮಲಗಿದ ಎಡಗೈ ಬೆರಳುಗಳು ನಾರಿಗೆ ಅಡ್ಡ. ಮೂರನೇ ದಿನ ತೋರುಬೆರಳ ತುದಿ ಹಾರಿಯೇ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಮಡಿಲನ್ನೇ ಕಾಲಿಂಚು ಇಳಿಸಿ, ಕೈಯನ್ನು ಹೊಸದಾಗಿ ತೆಗೆದೆ. ಈ ಸಲ ಬೆರಳುಗಳನ್ನು ಬಿಡಿಸಲಿಲ್ಲ. ನಡುವೆ ತೆಳ್ಳಗೆ ಮರ ಉಳಿಸಿದೆ.

ಮಾಷ್ಟ್ರು ಅದನ್ನು ನೋಡಿ ಖುಷಿಪಟ್ಟರು. ಬುದ್ಧನ 32 ಲಕ್ಷಣಗಳಲ್ಲಿ ಬೆರಳುಗಳ ನಡುವೆ ಜಾಲ ಇರುವುದೂ ಒಂದಂತೆ. ಕಲ್ಲಿನ ಬೆರಳು ಮುರಿಯಬಾರದೆಂದು ಹಳೆಯ ಶಿಲ್ಪಿಗಳು ನಡುವೆ ಕಲ್ಲು ಬಿಡುತ್ತಿದ್ದರು, ಆ ಲಕ್ಷಣ ಅಲ್ಲಿಂದ ಬಂದಿರಬಹುದು ಅಂತ ಕೆಲವು ವಿದ್ವಾಂಸರ ಮಾತು. ಉಳಿ ಹಿಡಿದವನಾಗಿ ನಾನು ಅದನ್ನು ನಂಬುತ್ತೇನೆ.

ಆದರೆ ಬಲಗೈ ನೋಡಿ ಅವರು ಸುಮ್ಮನಾದರು. ಆಮೇಲೆ ಮೆಲ್ಲಗೆ, "ಬೆರಳು ನೆಲಕ್ಕೆ ತಾಗಿಲ್ಲ ಅಲ್ವಾ?" ಎಂದರು.

ನಿಜ. ಮೊಣಕಾಲಿನ ಮೇಲೇ ನಿಲ್ಲಿಸಿದ್ದೆ. ಈ ಪೀಠದಲ್ಲಿ ಕೂರಲು ನಿನಗೇನು ಹಕ್ಕು, ನಿನ್ನ ಪರ ಸಾಕ್ಷಿ ಯಾರು ಎಂದು ಧ್ಯಾನ ಕೆಡಿಸಲು ಬಂದ ಮಾರ ಕೇಳಿದಾಗ, ಸಿದ್ಧಾರ್ಥ ಬೆರಳಿನಿಂದ ಭೂಮಿಯನ್ನು ಮುಟ್ಟಿದ. ಭೂಮಿಯೇ ಸಾಕ್ಷಿ ಹೇಳಿತು. ಬೆರಳು ತಾಗದಿದ್ದರೆ ಸಾಕ್ಷಿಯೇ ಇಲ್ಲ. ಪುಣ್ಯಕ್ಕೆ ಅಲ್ಲಿ ಮರ ಇನ್ನೂ ದಪ್ಪ ಇತ್ತು. ಮೊಣಕಾಲನ್ನು ಒಳಗೆ ಸರಿಸಿ ಬೆರಳನ್ನು ಪೀಠದವರೆಗೆ ಇಳಿಸಿದೆ. ಕೈ ಸ್ವಲ್ಪ ಉದ್ದವಾಯಿತು. ಅದೂ ಲಕ್ಷಣವೇ. ಬಗ್ಗದೆ ನಿಂತರೂ ಬುದ್ಧನ ಕೈ ಮೊಣಕಾಲು ಮುಟ್ಟುತ್ತದೆ.

ತಲೆಯ ಮೇಲೆ ಗಂಟಿನಂತೆ ಉಬ್ಬಿದ ಉಷ್ಣೀಷ, ರಾಜಕುಮಾರನಾಗಿದ್ದಾಗ ಭಾರದ ಓಲೆ ಹಾಕಿ ಜೋತ ಕಿವಿ, ಇವೆಲ್ಲ ಸುಲಭವಾಗಿ ಬಂದವು. ಕಣ್ಣನ್ನು ಕೊನೆಗೆ, ಬೆಳಗಿನ ಬೆಳಕಿನಲ್ಲಿ, ಅರ್ಧ ಮುಚ್ಚಿದಂತೆ ತೆಗೆದೆ.

ಮೂರ್ತಿ ಒಯ್ಯುವ ದಿನ ಮಾಷ್ಟ್ರು ಒಂದು ಚೀಲ ಹಳದಿ ಚೆಕ್ಕೆಯನ್ನೂ ಕೇಳಿದರು. ಥಾಯ್ಲೆಂಡಿನ ಕಾಡಿನಲ್ಲಿರುವ ಭಿಕ್ಷುಗಳು ಹಲಸಿನ ಮರದ ತಿರುಳನ್ನು ಕುದಿಸಿ ತಾವು ಉಡುವ ಚೀವರಕ್ಕೆ ಬಣ್ಣ ಹಾಕುತ್ತಾರೆ. ಇವರೂ ಹಾಗೆಯೇ ಒಂದು ಬಿಳಿ ಬಟ್ಟೆಗೆ ಬಣ್ಣ ಹಾಕಿ ಪೀಠದಡಿ ಹಾಸಿದ್ದಾರಂತೆ. ಈ ಭಾನುವಾರ ನೋಡಲು ಹೋಗಬೇಕು.