ಕಮ್ಮಿ ಬಜೆಟ್‌ನಲ್ಲಿ ಬೆಂಗಳೂರಲ್ಲಿ ಮನೆ: ಮೊದ್ಲು ಏನ್ ನೋಡ್ಬೇಕು?

ಮೊದ್ಲು ಕೈಲಿರೋ ದುಡ್ಡಿನ ಲೆಕ್ಕ. 50 ಲಕ್ಷದ ಫ್ಲ್ಯಾಟ್‌ಗೆ ಬ್ಯಾಂಕ್ ಕೊಡೋದು ಹೆಚ್ಚಂದ್ರೆ 40, ಮಿಕ್ಕ 10 ನಿಮ್ದೇ, ಅದ್ರ ಮೇಲೆ ಸ್ಟ್ಯಾಂಪ್ ಡ್ಯೂಟಿ ಶೇ. 5, ರಿಜಿಸ್ಟ್ರೇಷನ್ ಶೇ. 2 (2025ರ ಆಗಸ್ಟ್ ಕೊನೇಲಿ ಡಬಲ್ ಮಾಡಿದ್ರು), ಸೆಸ್ಸು ಬೇರೆ, ಒಟ್ಟು ಇನ್ನೂ ಮೂರೂವರೆ ಲಕ್ಷದ ಮೇಲೇ ಬೀಳತ್ತೆ.

ಕಾಗದಪತ್ರದಲ್ಲಿ ಮಾತ್ರ ರಾಜಿನೇ ಬೇಡ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ಮಾರಾಟ ತೋರ್ಸೋ ಋಣಭಾರ ಪತ್ರ), ಹೊಸ ಪ್ರಾಜೆಕ್ಟ್ ಆದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್, ಇವನ್ನ ಲಾಯರ್ ಹತ್ರ ತೋರ್ಸಿ ಆಮೇಲೆ ಅಡ್ವಾನ್ಸ್ ಕೊಡಿ.

ಆಮೇಲೆ ನೀರು. ಏಪ್ರಿಲಲ್ಲಿ ಹೋಗಿ ಬ್ರೋಕರ್‌ನ ಬಿಟ್ಟು ವಾಚ್‌ಮನ್‌ನ ಕೇಳಿ, ದಿನಕ್ಕೆ ಎಷ್ಟು ಟ್ಯಾಂಕರ್ ಬರತ್ತೆ ಅಂತ. ನಾವು ನೋಡಿದ ಒಂದ್ಕಡೆ ಆತ ಬೆರಳು ಮಡಚ್ತಾ ಆರು ಅಂದ, ಅಲ್ಲಿಂದ್ಲೇ ವಾಪಸ್ ಬಂದ್ವಿ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಂದ ಆಫೀಸಿಗೆ ಒಂದ್ಸಲ ಹೋಗ್ನೋಡಿ, ಭಾನುವಾರ ಸೈಟ್ ವಿಸಿಟಲ್ಲಿ ರೋಡು ಯಾವಾಗ್ಲೂ ಖಾಲಿನೇ ಇರತ್ತೆ.

ಅಳತೆ ಕೇಳೋವಾಗ ಕಾರ್ಪೆಟ್ ಏರಿಯಾ, ಅಂದ್ರೆ ಮನೆ ಒಳಗೆ ನಿಜವಾಗ್ಲೂ ಬಳಸೋ ಜಾಗ ಎಷ್ಟು ಅಂತ ಕೇಳಿ, ಸೂಪರ್ ಬಿಲ್ಟಪ್‌ನಲ್ಲಿ ಲಿಫ್ಟು ಮೆಟ್ಲು ಎಲ್ಲಾ ಸೇರ್ಸಿರ್ತಾರೆ. ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗು ಎರಡ್ ವರ್ಷ ಬಿಟ್ಟು ಮಾಡ್ಸಿದ್ರೂ ನಡಿಯತ್ತೆ. ಈಜುಕೊಳ ಅಂತೂ ಬೇಡ್ವೇ ಬೇಡ, ತಿಂಗಳಾ ತಿಂಗಳಾ ಮೇಂಟೆನೆನ್ಸ್ ಕಟ್ಟೋರು ನೀವೇ.