ಕೌದಿಗೆ ಮೊದಲು ಅಡಿಬಟ್ಟೆ ನೋಡಿ

ಕೌದಿ ಬಿಚ್ಚಿದರೆ ಎಲ್ಲರೂ ಮೇಲಿನ ಬಣ್ಣದ ತುಂಡುಗಳನ್ನೇ ಹೊಗಳುತ್ತಾರೆ. ನಾನು ಮಾತ್ರ ಮೊದಲು ತಿರುವಿ ಅಡಿಬಟ್ಟೆ ನೋಡುತ್ತೇನೆ. ಮೊಮ್ಮಗಳಿಗೆ ಅಂತ ಹೊಲಿದ ಕೌದಿಗೆ ಹೊಸ ಕೋರಾ ಬಟ್ಟೆ ತಂದು, ಆತುರಕ್ಕೆ ನೆನೆಸದೆ ಹಾಕಿಬಿಟ್ಟಿದ್ದೆ. ಒಂದೇ ಒಗೆತಕ್ಕೆ ಅಡಿಬಟ್ಟೆ ಕುಗ್ಗಿತು, ಮೇಲಿನದೆಲ್ಲ ಕರಿದ ಹಪ್ಪಳದ ಹಾಗೆ ಉಬ್ಬಿತು. ಎರಡು ತಿಂಗಳ ಕೆಲಸ ಅದು!

ಹೊಸ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಗಂಜಿ ಬಿಡುವವರೆಗೆ ಜಾಲಿಸಿ ಒಣಹಾಕಿ. ನಮ್ಮ ದಾವಣಗೆರೆ ಬಿಸಿಲಿಗೆ ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತದೆ. ಕೆಂಪು ಬಟ್ಟೆಯಾದರೆ ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆಯಿರಿ. ಅಡಿಬಟ್ಟೆ ನಾಲ್ಕೂ ಕಡೆ ನಾಲ್ಕು ಬೆರಳು ಜಾಸ್ತಿ ಇರಲಿ, ಹೊಲಿದಂತೆಲ್ಲ ಒಳಗೆ ಎಳೆದುಕೊಳ್ಳುತ್ತದೆ.

ಒಳಪದರಕ್ಕೆ ಹಳೇ ನೂಲಿನ ಸೀರೆ, ಪಂಚೆ ಸಾಕು. ಹತ್ತಿ ಮಿಲ್ಲುಗಳ ಊರಲ್ಲಿ ಬೆಳೆದವಳು ನಾನು, ಆದರೂ ಕೌದಿಗೆ ಅರಳೆ ಬೇಡ ಅನ್ನುತ್ತೇನೆ. ಒತ್ತೊತ್ತಾಗಿ ಹೊಲಿಯದಿದ್ದರೆ ಒಗೆದ ಮೇಲೆ ಉಂಡೆ ಕಟ್ಟುತ್ತದೆ. ಸೀರೆ ನೂಲಿನದೋ ಅಲ್ಲವೋ ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಡಿ. ನೂಲು ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಅದು ಬೇಡ, ಮೈ ಬೆವರುತ್ತದೆ. ಜರಿ ಅಂಚು ಕತ್ತರಿಸಿಬಿಡಿ. ಬೆಳಕಿಗೆ ಹಿಡಿದು ನೋಡಿ, ಜಾಳಾದ ಕಡೆ ತೇಪೆ ಹಾಕಿ.

5.5 ಮೀಟರ್ ಸೀರೆಯನ್ನು ಎರಡು ತುಂಡು ಮಾಡಿ ಅಕ್ಕಪಕ್ಕ ಜೋಡಿಸಿದರೆ ಇಬ್ಬರು ಹೊದೆಯುವಷ್ಟು ಅಗಲದ ಒಂದು ಪದರ. ಒಂದು ಪದರದ ಜೋಡಣೆ ಇನ್ನೊಂದರ ಮೇಲೆ ಬೀಳಬಾರದು, ಅಲ್ಲಿ ದಿಂಡು ಎದ್ದು ಸೂಜಿ ಮುರಿಯುತ್ತದೆ. ಬೇಸಿಗೆಗೆ 3 ಪದರ, ಮಾಗಿ ಚಳಿಗೆ 5. ಇನ್ನೂ ಜಾಸ್ತಿ ಹಾಕಿದರೆ ಒದ್ದೆ ಕೌದಿ ಎತ್ತುವವರ ಸೊಂಟ ಕೇಳಿ!

ಹಾಸುವುದು ಪಡಸಾಲೆಯಲ್ಲೇ ಆಗಲಿ, ಮಂಚದ ಮೇಲೆ ಬೇಡ. ಅಡಿಬಟ್ಟೆಯ ಒಳಮೈ ಮೇಲೆ ಬರಲಿ. ಮೂಲೆಗೊಂದು ತುಂಬಿದ ಡಬ್ಬಿ ಇಡಿ. ಪ್ರತಿ ಪದರ ಹಾಸಿದಾಗಲೂ ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರಿ, ಬಳೆ ತೆಗೆದಿಟ್ಟು. ಆಮೇಲೆ ಗೇಣಿಗೊಂದು ಸಾಲಿನಂತೆ ಕಚ್ಚಾ ಹೊಲಿಗೆ (ಪದರ ಜರುಗದಂತೆ ಹಾಕಿ, ಕೊನೆಗೆ ಬಿಚ್ಚಿಬಿಡುವ ಉದ್ದ ಹೊಲಿಗೆ) ಹಾಕಿ, ಅದೂ ನಡುವಿನಿಂದಲೇ. ಅಂಗೈಗೆ ಸುಕ್ಕು ತಾಗಿದರೆ ಆಗಲೇ ಬಿಚ್ಚಿ. ನಾಳೆ ನೋಡಿದರಾಯಿತು ಅಂದ ಸುಕ್ಕೊಂದು ನಮ್ಮ ಮನೆ ಕೌದಿಯಲ್ಲಿ ಇವತ್ತಿಗೂ ಬೆನ್ನಿಗೆ ಒತ್ತುತ್ತದೆ.